ಒಂದೇ ದಿನ ಬಿಡುವಿದ್ದರೆ ಹೈಡೆಲ್‌ಬರ್ಗೋ, ಟ್ಯೂಬಿಂಗನ್ನೋ?

ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ ಆಫೀಸ್ ಕೆಲಸ ಮುಗಿದ ಮೇಲೆ ಒಂದು ದಿನ ಬಿಡುವಿದೆ, ಗುಡ್ಡದ ಮೇಲೆ ಕೋಟೆ ಇರುವ ಹಳೇ ಊರು ನೋಡಬೇಕು, ಎಲ್ಲರೂ ಹೈಡೆಲ್‌ಬರ್ಗ್ ಅಂತಾರೆ, ಟ್ಯೂಬಿಂಗನ್ ಹೇಗೆ ಅಂತ ಕೇಳಿದ್ದೀರಿ. ನನ್ನ ಓಟು ಟ್ಯೂಬಿಂಗನ್‌ಗೆ. ರೈಲಿನಲ್ಲಿ ಹೆಚ್ಚೂಕಡಿಮೆ ಒಂದು ಗಂಟೆ, ಅಷ್ಟೇ.

ಆದರೆ ಕೋಟೆ ಅಂದಕೂಡಲೇ ಚಿತ್ರದುರ್ಗವನ್ನು ನೆನಪಿಸಿಕೊಂಡು ಹೋಗಬೇಡಿ, ನಿರಾಸೆ ಆಗುತ್ತೆ. ಹೊರಗಿನಿಂದ ಹೊಹೆನ್‌ಟ್ಯೂಬಿಂಗನ್ ಕೋಟೆ ಸ್ವಲ್ಪ ಸಪ್ಪೆಯೇ. ಈಗ ಅದು ಯೂನಿವರ್ಸಿಟಿಯ ಕೈಯಲ್ಲಿದೆ. ನೋಡಬೇಕಾದ್ದೆಲ್ಲ ಒಳಗೆ. ಅಲ್ಲಿನ ಹಳೇ ಅಡುಗೆಮನೆಯನ್ನೇ ಒಂದು ಕಾಲದಲ್ಲಿ ಲ್ಯಾಬ್ ಮಾಡಿಕೊಂಡಿದ್ದರು. 1869ರಲ್ಲಿ ಫ್ರೀಡ್ರಿಶ್ ಮೀಶರ್ ಅನ್ನುವ ಹುಡುಗ ಆಸ್ಪತ್ರೆಯಿಂದ ಕೀವು ಮೆತ್ತಿದ ಬ್ಯಾಂಡೇಜ್ ತರಿಸಿಕೊಂಡು, ಅದನ್ನು ತೊಳೆದು, ಜೀವಕೋಶದ ಒಳಗಿಂದ ಯಾರಿಗೂ ಗೊತ್ತಿಲ್ಲದ ಒಂದು ಪದಾರ್ಥ ಬೇರ್ಪಡಿಸಿದ್ದು ಇಲ್ಲೇ. ಈಗ ನಾವು ಡಿಎನ್‌ಎ ಅನ್ನೋದು ಅದನ್ನೇ. ಅವನು ತೆಗೆದ ಪದಾರ್ಥದ ಪುಡಿ ಇರುವ ಒಂದು ಗಾಜಿನ ನಳಿಕೆಯನ್ನೂ ಇಟ್ಟಿದ್ದಾರೆ, ಹೆಸರಿನ ಚೀಟಿ ಸಮೇತ.

ಮೇಲಿನ ಮ್ಯೂಸಿಯಂನಲ್ಲಿ ಫೋಗಲ್‌ಹೆರ್ಡ್ ಗುಹೆಯಲ್ಲಿ 1931ರಲ್ಲಿ ಸಿಕ್ಕ ಕುದುರೆಯ ಪುಟ್ಟ ಕೆತ್ತನೆ ಇದೆ. ಮ್ಯಾಮತ್ ಅಂದರೆ ಹಿಮಯುಗದ ಕೂದಲುಳ್ಳ ಆನೆಯ ದಂತದ್ದು, ಐದು ಸೆಂಟಿಮೀಟರ್ ಕೂಡ ಇಲ್ಲ, ಕಾಲುಗಳೆಲ್ಲ ಮುರಿದು ಹೋಗಿವೆ. ಆದರೂ ಕತ್ತು ಬಾಗಿಸಿರುವ ರೀತಿ ನೋಡಿದರೆ, ಮೂವತ್ತೈದು ಸಾವಿರ ವರ್ಷದ ಹಿಂದೆ ಇದನ್ನು ಕೆತ್ತಿದವನು ಕುದುರೆಗಳನ್ನು ಸುಮ್ನೆ ಕೂತು ಎಷ್ಟು ಹೊತ್ತು ನೋಡಿರಬೇಕು ಅನ್ನಿಸುತ್ತೆ. ಇದೊಂದಕ್ಕೇ ನಾನು ಮತ್ತೆ ಹೋಗಲು ತಯಾರು.

ಇನ್ನೊಂದು ವಿಷಯ, ನಮ್ಮ ಕಿಟೆಲ್ ಗೊತ್ತಲ್ವಾ, ಬಾಸೆಲ್ ಮಿಷನ್‌ಗೆ ಬಂದು 1894ರಲ್ಲಿ ಕನ್ನಡ ನಿಘಂಟು ಕೊಟ್ಟವರು? ಅವರು ಕೊನೆಗಾಲ ಕಳೆದದ್ದು ಇದೇ ಊರಿನಲ್ಲಿ, 1903ರಲ್ಲಿ ತೀರಿಕೊಂಡದ್ದೂ ಇಲ್ಲೇ. ಡಾಕ್ಟರೇಟ್ ಕೊಟ್ಟದ್ದೂ ಇಲ್ಲಿನ ಯೂನಿವರ್ಸಿಟಿಯೇ.

ಸ್ಟೇಷನ್‌ನಿಂದ ನಡೆದೇ ಹೋಗಿ. ನೆಕಾರ್ ನದಿಯ ಸೇತುವೆ ಮೇಲೆ ನಿಂತರೆ ಬಣ್ಣದ ಮನೆಗಳ ಸಾಲು, ಕವಿ ಹೋಲ್ಡರ್ಲಿನ್ ಇದ್ದ ಹಳದಿ ಗೋಪುರ ಎರಡೂ ಕಾಣುತ್ತವೆ. ಕೋಟೆಗೆ ಹತ್ತುವ ಬುರ್ಗ್‌ಸ್ಟೈಗೆ ರಸ್ತೆ ಕಡಿದಾಗಿದೆ, ಪೂರ್ತಿ ಕಲ್ಲುಹಾಸು, ಮಳೆ ಬಂದರೆ ಜಾರುತ್ತೆ, ಒಳ್ಳೇ ಶೂ ಇರಲಿ. ಸೋಮವಾರ, ಮಂಗಳವಾರ ಮ್ಯೂಸಿಯಂ ಮುಚ್ಚಿರುತ್ತೆ. ನಿಮ್ಮ ಬಿಡುವು ಆ ದಿನಗಳಲ್ಲೇ ಇದ್ದರೆ ಮಾತ್ರ ಹೈಡೆಲ್‌ಬರ್ಗ್‌ಗೆ ಹೋಗಿ.