ಕರಿ ನಾಯಿಗೆ ಕಪ್ಪು ಬಣ್ಣ ಬೇಡ

ಪ್ರಶ್ನೆ: ನಮ್ಮ ಮನೆಯ ಕರಿ ನಾಯಿಯನ್ನು ಜಲವರ್ಣದಲ್ಲಿ ಬರೆಯಲು ಪ್ರಯತ್ನಿಸುತ್ತಿದ್ದೇನೆ. ಟ್ಯೂಬಿನ ಕಪ್ಪು ಹಚ್ಚಿದರೆ ಮೈ ಚಪ್ಪಟೆಯಾಗಿ ಕಾಣುತ್ತದೆ. ಒಂದೊಂದೇ ಕೂದಲು ಎಳೆಯಲು ಹೋದರೆ ನಾಯಿ ಮುಳ್ಳುಹಂದಿಯಂತಾಗುತ್ತದೆ. ದಯವಿಟ್ಟು ದಾರಿ ತೋರಿಸಿ.
– ಓದುಗರು, ಧಾರವಾಡ

ಉತ್ತರ: ಮೊದಲು ಆ ಕಪ್ಪು ಟ್ಯೂಬನ್ನು ಪಕ್ಕಕ್ಕಿಡಿ. ಹಗಲು ಬೆಳಕಿನಲ್ಲಿ ನಿಂತ ಕರಿ ನಾಯಿಯ ಬೆನ್ನ ಮೇಲೆ ಆಕಾಶದ ತಿಳಿನೀಲಿ ಹೊಳೆಯುತ್ತಿರುತ್ತದೆ. ಅದು ಕೆಂಪು ಗಾರೆಯ ನೆಲದ ಮೇಲೆ ಮಲಗಿದ್ದರೆ ಹೊಟ್ಟೆಯ ಅಡಿಭಾಗಕ್ಕೆ ನೆಲದ ಕೆಂಪು ತಾಗಿರುತ್ತದೆ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ (ಕೆಂಗಂದು ಬಣ್ಣ) ಎರಡನ್ನೂ ದಪ್ಪವಾಗಿ ಬೆರೆಸಿದರೆ ಬರುವ ಕಡುಗಪ್ಪು ಈ ಎರಡು ಛಾಯೆಗಳನ್ನೂ ಕೊಡಬಲ್ಲದು. ನೀಲಿ ಹೆಚ್ಚಾದರೆ ತಣ್ಣನೆಯ ಕಪ್ಪು, ಸಿಯೆನ್ನಾ ಹೆಚ್ಚಾದರೆ ಬೆಚ್ಚನೆಯ ಕಪ್ಪು. ಪ್ಯಾಲೆಟ್‌ನಲ್ಲೇ ಪೂರ್ತಿ ಕಲಸಿಬಿಡದೆ, ಒದ್ದೆ ಕಾಗದದ ಮೇಲೆ ಅವು ತಾವಾಗಿ ಬೆರೆಯಲು ಸ್ವಲ್ಪ ಅವಕಾಶ ಕೊಡಿ.

ಅತ್ಯಂತ ಹೊಳೆಯುವ ಜಾಗಗಳಲ್ಲಿ ಕಾಗದದ ಬಿಳಿಯನ್ನು ಹಾಗೆಯೇ ಉಳಿಸಿಕೊಂಡು, ಮೈಯ ಉಳಿದ ಭಾಗಕ್ಕೆಲ್ಲ ತೆಳುನೀಲಿಯ ವಾಶ್ (ನೀರು ಹೆಚ್ಚಿರುವ ಬಣ್ಣದ ತೆಳು ಪದರ) ಕೊಡಿ. ಅದು ಪೂರ್ತಿ ಒಣಗಿದ ಮೇಲೆ, ಹೊಳಪಿನ ಆಕಾರಗಳನ್ನು ಬಿಟ್ಟು ಕಡು ಬಣ್ಣ ಹಚ್ಚಿ. ಕಿವಿಯ ಕೆಳಗೆ, ಕಾಲುಗಳ ಸಂದಿಯಲ್ಲಿ ಮಾತ್ರ ಮೂರನೆಯ ಪದರ ಸಾಕು. ಜಲವರ್ಣ ಒಣಗಿದಾಗ ತಿಳಿಯಾಗುತ್ತದೆಯಾದ್ದರಿಂದ, ಹಚ್ಚುವಾಗ ಕೊಂಚ ಅತಿಯಾಯಿತೆನ್ನಿಸುವಷ್ಟು ಗಾಢವಾಗಿರಲಿ.

ಕೂದಲು ನಮ್ಮ ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವುದು ಮೈಯ ಅಂಚಿನಲ್ಲಿ ಮತ್ತು ಬೆಳಕು ನೆರಳಾಗಿ ತಿರುಗುವ ಗೆರೆಯಲ್ಲಿ ಮಾತ್ರ. ಅಲ್ಲಿ ಮಾತ್ರ ಬ್ರಷ್ಷಿನ ನೀರನ್ನು ಬಟ್ಟೆಗೆ ಒರೆಸಿ, ತುದಿಯನ್ನು ಬೆರಳಿನಿಂದ ಒತ್ತಿ ಹರಡಿಸಿ, ಕೂದಲು ಬೆಳೆಯುವ ದಿಕ್ಕಿನಲ್ಲೇ ಹಗುರವಾಗಿ ಎಳೆಯಿರಿ. ಆ ದಿಕ್ಕನ್ನು ತಿಳಿಯಲು ಫೋಟೊ ನೋಡುವುದಕ್ಕಿಂತ ನಾಯಿಯ ಮೈದಡವುವುದೇ ಮೇಲು: ಮೂಗಿನಿಂದ ಹಣೆಯತ್ತ ಏರುವ ಕೂದಲು ಕತ್ತಿನಲ್ಲಿ ಕೆಳಗಿಳಿದು, ಎದೆಯ ಬಳಿ ಸುಳಿಯಾಗಿ ತಿರುಗುವುದು ಕೈಗೇ ತಿಳಿಯುತ್ತದೆ.

ಜರ್ಮನಿಯ ಆಲ್‌ಬ್ರೆಕ್ಟ್ ಡ್ಯೂರರ್ 1502ರಲ್ಲಿ ಬರೆದ ಮೊಲದ ಚಿತ್ರವನ್ನು (ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ) ಒಮ್ಮೆ ಗಮನವಿಟ್ಟು ನೋಡಿ. ತೆಳುವಾದ ಕಂದು ವಾಶ್‌ನ ಮೇಲೆ ಕಡು ಮತ್ತು ತಿಳಿ ಗೆರೆಗಳು ಬಂದಿವೆ. ತಿಳಿ ಗೆರೆಗಳಿಗೆ ಆತ ಅಪಾರದರ್ಶಕ ಬಣ್ಣವನ್ನೂ ಬಳಸಿದ್ದಾನೆ. ಆದ್ದರಿಂದ ಮೀಸೆಗೂದಲಿಗೆ ಕೊನೆಯಲ್ಲಿ ಸ್ವಲ್ಪ ಬಿಳಿ ಪೋಸ್ಟರ್ ಬಣ್ಣ ಬಳಸಲು ಹಿಂಜರಿಯಬೇಡಿ. ಮೊಲದ ಕಣ್ಣಿನಲ್ಲಿ ಕಿಟಕಿಯ ಪ್ರತಿಬಿಂಬವಿರುವುದನ್ನೂ ಗಮನಿಸಿ. ನಿಮ್ಮ ನಾಯಿಯ ಕಣ್ಣಿಗೂ ಅಂಥದೊಂದು ಬೆಳಕಿನ ಚುಕ್ಕೆ ಬೇಕು. ಅದನ್ನು ಮೊದಲೇ ಕಾಗದದ ಬಿಳಿಯಾಗಿ ಉಳಿಸಿಕೊಂಡರೆ ಬರುವ ಸ್ವಚ್ಛತೆ ಆಮೇಲೆ ಇಟ್ಟ ಚುಕ್ಕೆಗೆ ಬರುವುದಿಲ್ಲ.

ಪ್ರಶ್ನೆ: ಮುಧೋಳ ನಾಯಿಯನ್ನು ಬರೆದಾಗಲೆಲ್ಲ ಹಿಂಗಾಲು ತಪ್ಪಾಗುತ್ತದೆ. ಬಣ್ಣದಿಂದ ಅದನ್ನು ಸರಿಪಡಿಸಬಹುದೇ?
– ಓದುಗರು, ಬಾಗಲಕೋಟೆ

ಉತ್ತರ: ಅದನ್ನು ಪೆನ್ಸಿಲ್ಲಿನಲ್ಲೇ ಸರಿಪಡಿಸಬೇಕು. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿದಂತೆ ಕಾಣುವ ಗೆಣ್ಣನ್ನು ಅನೇಕರು ಮೊಣಕಾಲೆಂದು ತಿಳಿಯುತ್ತಾರೆ. ವಾಸ್ತವವಾಗಿ ಅದು ಹಿಮ್ಮಡಿ. ನಾಯಿ ಬೆರಳುಗಳ ಮೇಲೆ ನಿಲ್ಲುವ ಪ್ರಾಣಿಯಾದ್ದರಿಂದ ಹಿಮ್ಮಡಿ ನೆಲದಿಂದ ಮೇಲೆದ್ದಿರುತ್ತದೆ, ನಿಜವಾದ ಮೊಣಕಾಲು ಹೊಟ್ಟೆಯ ಹತ್ತಿರ ಮುಂದಕ್ಕೆ ಬಾಗಿರುತ್ತದೆ. ಇದಿಷ್ಟು ಮನಸ್ಸಿಗೆ ಬಂದರೆ ಕಾಲು ತಾನಾಗಿ ಸರಿಹೋಗುತ್ತದೆ. ಆಳವಾದ ಎದೆ, ಒಳಕ್ಕೆ ಸೇದಿಕೊಂಡ ಹೊಟ್ಟೆ, ಉದ್ದ ಮೂತಿ ಇವುಗಳಿಂದಲೇ ಈ ತಳಿಯನ್ನು ಗುರುತಿಸಬಹುದು. ಅಂಚೆ ಇಲಾಖೆ 2005ರಲ್ಲಿ ದೇಶಿ ನಾಯಿಗಳ ಅಂಚೆಚೀಟಿಗಳನ್ನು ಹೊರತಂದಾಗ ಮುಧೋಳಕ್ಕೂ ಜಾಗ ಸಿಕ್ಕಿತು.

ಮೋಟು ಕೂದಲಿನ ಈ ನಾಯಿಗೆ ಕೂದಲಿನ ಗೆರೆಗಳೇ ಬೇಡ. ಕಂದು ಮಿಶ್ರಿತ ಹಳದಿ ಮೈಯಾದರೆ ಮಣ್ಣಿನ ಹಳದಿಯಾದ ಯೆಲ್ಲೋ ಓಕರ್‌ಗೆ ತುಸು ಬರ್ನ್ಟ್ ಸಿಯೆನ್ನಾ ಸೇರಿಸಿ ಹಚ್ಚಿ, ಅದು ಇನ್ನೂ ಒದ್ದೆಯಿರುವಾಗಲೇ ಪಕ್ಕೆಲುಬುಗಳ ನಡುವೆ ತೆಳುನೀಲಿಯ ನೆರಳು ಬಿಡಿ.

ಪ್ರಶ್ನೆ: ಕಾಗದ ಸುಕ್ಕಾಗುತ್ತದೆ. ಯಾವುದನ್ನು ಕೊಳ್ಳಲಿ?
– ಓದುಗರು, ಶಿವಮೊಗ್ಗ

ಉತ್ತರ: 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ, ಸಾಧ್ಯವಾದರೆ ಹತ್ತಿಯ ಕಾಗದ. ಅದಕ್ಕಿಂತ ತೆಳುವಾದದ್ದಿದ್ದರೆ ನೀರಿನಲ್ಲಿ ನೆನೆಸಿ, ಹಲಗೆಯ ಮೇಲೆ ಚಪ್ಪಟೆಯಾಗಿ ಹರಡಿ, ನಾಲ್ಕೂ ಅಂಚಿಗೆ ಗೋಂದಿನ ಕಾಗದದ ಟೇಪು ಅಂಟಿಸಿ, ಒಣಗಿದ ಮೇಲೆ ಬಳಸಿ. ನಿಮ್ಮ ಕಡೆ ಮಳೆಗಾಲದಲ್ಲಿ ಪ್ರತಿ ಪದರವೂ ಒಣಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಮುಂಗೈಯ ಹಿಂಭಾಗ ತಾಗಿಸಿ ನೋಡಿ. ಕಾಗದ ತಣ್ಣಗಿದ್ದರೆ ಇನ್ನೂ ಒಣಗಿಲ್ಲವೆಂದೇ ಅರ್ಥ.