ಡಿಸ್ಚಾರ್ಜ್ ಸಮರಿಯ ಒಂದು ಸಾಲು: ತಿರಸ್ಕಾರವಾದ ಕ್ಲೈಮಿನ ಪ್ರಕರಣ

(ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.)

ಶಿವಮೊಗ್ಗ ಕಡೆಯ ಗೃಹಿಣಿ, ವಯಸ್ಸು 41. ಗಂಡ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು. ತೀವ್ರ ಖಿನ್ನತೆಗೆ ಗಂಡ ಖಾಸಗಿ ಆಸ್ಪತ್ರೆಯಲ್ಲಿ 11 ದಿನ ಒಳರೋಗಿಯಾಗಿದ್ದರು. ಬಿಲ್ಲು 96,400 ರೂಪಾಯಿ. ಆರೋಗ್ಯ ವಿಮೆಯ ಕ್ಲೈಮ್ ತಿರಸ್ಕಾರವಾಯಿತು. ಆಕೆ ಆಪ್ತಸಲಹೆಗೆ ಬಂದದ್ದು ದುಡ್ಡಿಗಾಗಿ ಅಲ್ಲ, ರಾತ್ರಿ ನಿದ್ದೆ ಹತ್ತುತ್ತಿಲ್ಲವೆಂದು. "ನಾನೇ ಬಾಯಿಬಿಟ್ಟು ಕೆಡಿಸಿದೆ ಮೇಡಂ. ನಾಲ್ಕು ವರ್ಷದಿಂದ ಹಿಂಗೇ ಮಂಕಾಗಿದ್ದಾರೆ ಅಂತ ಡಾಕ್ಟರಿಗೆ ಹೇಳಿದ್ದು ನಾನೇ."

ಆ ಮಾತು ಡಿಸ್ಚಾರ್ಜ್ ಸಮರಿಯ (ಆಸ್ಪತ್ರೆಯಿಂದ ಬಿಡುವಾಗ ಕೊಡುವ ಚಿಕಿತ್ಸೆಯ ಸಾರಾಂಶ) ಪೂರ್ವೇತಿಹಾಸದ ಕಾಲಂನಲ್ಲಿ ದಾಖಲಾಗಿತ್ತು. ಪಾಲಿಸಿ ಶುರುವಾದದ್ದು 2024ರ ನವೆಂಬರ್‌ನಲ್ಲಿ, ಗಂಡ ಆಸ್ಪತ್ರೆಗೆ ದಾಖಲಾದದ್ದು 2025ರ ಡಿಸೆಂಬರ್‌ನಲ್ಲಿ. ಕಂಪನಿಯ ಪತ್ರದಲ್ಲಿದ್ದ ಕಾರಣ ಒಂದೇ ಸಾಲು: ಇದು ಮೊದಲೇ ಇದ್ದ ಕಾಯಿಲೆ, 36 ತಿಂಗಳ ಕಾಯುವ ಅವಧಿ (ಅಂಥ ಕಾಯಿಲೆಗೆ ವಿಮೆ ಸಿಗದ ಆರಂಭದ ಅವಧಿ) ಮುಗಿದಿಲ್ಲ.

ಮಾನಸಿಕ ಕಾಯಿಲೆ ಎಂಬ ಒಂದೇ ಕಾರಣಕ್ಕೆ ಈಗ ಯಾವ ಕಂಪನಿಯೂ ಕ್ಲೈಮ್ ತಳ್ಳಿಹಾಕುವಂತಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಕಲಂ 21(4) ಪ್ರಕಾರ ದೈಹಿಕ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ಸಿಗುತ್ತದೋ ಅದೇ ಆಧಾರದ ಮೇಲೆ ಇದಕ್ಕೂ ಸಿಗಬೇಕು. ಹಾಗಾಗಿ ತಕರಾರು ಈಗ ಇಂಥ ಕಾಲಂಗಳಿಂದ ಹುಟ್ಟುತ್ತದೆ. 'ಮೊದಲೇ ಇದ್ದ ಕಾಯಿಲೆ' ಎನ್ನಲು ಲಕ್ಷಣ ಇದ್ದರೆ ಸಾಲದು. ಪಾಲಿಸಿ ಶುರುವಾಗುವ ಹಿಂದಿನ 36 ತಿಂಗಳಲ್ಲಿ ವೈದ್ಯರು ಆ ಕಾಯಿಲೆಯನ್ನು ಗುರುತಿಸಿರಬೇಕು, ಇಲ್ಲವೇ ಅದಕ್ಕೆ ಸಲಹೆಯನ್ನೋ ಚಿಕಿತ್ಸೆಯನ್ನೋ ಕೊಟ್ಟಿರಬೇಕು. ಆಕೆಯ ಗಂಡ ಮನೋವೈದ್ಯರ ಮುಖ ನೋಡಿದ್ದೇ ದಾಖಲಾಗುವ ಎರಡು ತಿಂಗಳ ಮುಂಚೆ. ಅದಕ್ಕೂ ಹಿಂದೆ ಈ ಮಂಕಿಗೆಂದು ಯಾವ ಡಾಕ್ಟರ ಬಳಿಗೂ ಹೋದವರಲ್ಲ. ಯಾರಾದರೂ ಚೀಟಿ ಬರೆದುಕೊಟ್ಟಿದ್ದರೆ, ಪ್ರಪೋಸಲ್ ಫಾರ್ಮಿನಲ್ಲಿ (ಪಾಲಿಸಿಯ ಅರ್ಜಿ) ಅದನ್ನು ಮುಚ್ಚಿಟ್ಟಿದ್ದರೆ, ಈ ವಾದ ನಿಲ್ಲುತ್ತಿರಲಿಲ್ಲ.

ಸಮರಿಯಿಂದ ಆ ಸಾಲನ್ನು ತೆಗೆಸಿಬಿಡಿ ಎಂದು ಏಜೆಂಟ್ ಸೂಚಿಸಿದ್ದ. ಬೇಡ ಎಂದೆವು. ತಿದ್ದಿದ ಸಮರಿ ಆಸ್ಪತ್ರೆ ಇಟ್ಟುಕೊಂಡಿರುವ ಮೂಲ ಚಿಕಿತ್ಸಾ ದಾಖಲೆಗೆ, ಅಂದರೆ ಕೇಸ್ ಶೀಟಿಗೆ, ತಾಳೆಯಾಗದಿದ್ದರೆ ಗೆಲ್ಲುವ ಪ್ರಕರಣವೂ ವಂಚನೆಯ ಅನುಮಾನಕ್ಕೆ ಸಿಗುತ್ತದೆ. ಅದರ ಬದಲು ಚಿಕಿತ್ಸೆ ಕೊಟ್ಟ ಮನೋವೈದ್ಯರಿಂದ ಲೆಟರ್‌ಹೆಡ್ ಮೇಲೆ ಪ್ರಮಾಣಪತ್ರ ಪಡೆಯಲು ಹೇಳಿದೆವು. ಅದರಲ್ಲಿ ಮೊದಲ ಭೇಟಿಯ ತಾರೀಕು, ಕಾಯಿಲೆ ಮೊದಲ ಬಾರಿಗೆ ಗುರುತಾದ ತಾರೀಕು, ಅದಕ್ಕೂ ಮುಂಚೆ ಚಿಕಿತ್ಸೆಯ ದಾಖಲೆ ಇಲ್ಲವೆಂಬ ಮಾತು, ನಾಲ್ಕು ವರ್ಷದ ವಿವರ ಮನೆಯವರು ಹೇಳಿದ್ದೆಂಬ ಸ್ಪಷ್ಟನೆ ಇರಬೇಕು. ಕೇಸ್ ಶೀಟಿನ ಪ್ರತಿಯನ್ನು ರೋಗಿಯೇ ಕೇಳಿ ಪಡೆಯಬಹುದು. ಅದೇ ಕಾಯ್ದೆಯ ಕಲಂ 25 ಆ ಹಕ್ಕು ಕೊಡುತ್ತದೆ.

ದೂರು ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ, ಇಮೇಲ್‌ನಲ್ಲಿ. ಟಿಪಿಎ (ಕಂಪನಿಯ ಪರವಾಗಿ ಕ್ಲೈಮ್ ನೋಡಿಕೊಳ್ಳುವ ಸಂಸ್ಥೆ) ಜೊತೆ ಫೋನಿನಲ್ಲಿ ಎಷ್ಟು ಮಾತಾಡಿದರೂ ಕಡತದಲ್ಲಿ ಉಳಿಯುವುದು ಬರಹ ಮಾತ್ರ. ಒಂದು ತಿಂಗಳೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮೆಯ ದೂರುಗಳನ್ನು ವಿಚಾರಿಸುವ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ, ಶುಲ್ಕವಿಲ್ಲ, ವಕೀಲರೂ ಬೇಡ.

ಮನೆಯೊಳಗೆ ಇನ್ನೊಂದು ತೊಡಕಿತ್ತು. ಪಾಲಿಸಿ ಗಂಡನ ಹೆಸರಿನಲ್ಲಿ, ಸಹಿ ಅವರದೇ ಬೇಕು. ಆದರೆ ಕಂಪನಿಯಿಂದ ಒಂದೊಂದು ಪತ್ರ ಬಂದಾಗಲೂ "ನನ್ನಿಂದ ನಿಮಗೆಲ್ಲ ಸಾಲ" ಎಂದು ಅವರು ಊಟ ಬಿಡುತ್ತಿದ್ದರು. ಕಡತವನ್ನು ಮೈದುನನ ಕೈಗೆ ಕೊಡುವುದು, ವಾರಕ್ಕೊಂದೇ ದಿನ ತೆರೆಯುವುದು, ಅವರ ಮುಂದೆ ಸಹಿ ಬೇಕಾದ ಹಾಳೆಯನ್ನಷ್ಟೇ ಇಡುವುದು, ಅದು ಏನೆಂದು ಎರಡು ಮಾತಿನಲ್ಲಿ ಹೇಳುವುದು ಎಂದು ತೀರ್ಮಾನವಾಯಿತು. ಏನನ್ನೂ ಹೇಳದೆ ಮುಚ್ಚಿಡುವುದು ಸಲ್ಲ; ಖಿನ್ನತೆಯಲ್ಲಿರುವವರು ಮೌನಕ್ಕೆ ಕೆಟ್ಟ ಅರ್ಥವನ್ನೇ ಹಚ್ಚುತ್ತಾರೆ. ಆಕೆಗೆ ಹೇಳಿದ್ದಿಷ್ಟು: ನೀವು ಹೇಳಿದ ಆ ನಾಲ್ಕು ವರ್ಷದ ಮಾತಿನಿಂದಲೇ ಔಷಧಿ ನಿರ್ಧಾರವಾದದ್ದು. ಅದನ್ನು ಮನೋವೈದ್ಯರ ಬಾಯಿಂದಲೇ ಕೇಳಿ ಎಂದು ಕಳಿಸಿದೆವು. ನಮ್ಮ ಸಮಾಧಾನಕ್ಕಿಂತ ಆ ಐದು ನಿಮಿಷ ಹೆಚ್ಚು ಕೆಲಸ ಮಾಡಿತು.

ಪ್ರಮಾಣಪತ್ರ ಸೇರಿಸಿ ಕಳಿಸಿದ ದೂರಿಗೆ ಕಂಪನಿ ಒಪ್ಪಿ ಆಸ್ಪತ್ರೆ ಬಿಲ್ಲು ಕೊಟ್ಟಿತು. ಗಂಡನ ಮನೋಚಿಕಿತ್ಸೆಯ ಬಿಲ್ಲು ಪೂರ್ತಿ ಸಿಗಲಿಲ್ಲ. 1,200 ರೂಪಾಯಿಯಂತೆ 10 ಸಲ ಕೂತಿದ್ದರು. ಇವರ ಪಾಲಿಸಿಯಲ್ಲಿ ಹೊರರೋಗಿ ಸೌಲಭ್ಯವಿಲ್ಲ; ದಾಖಲಾಗುವ ಹಿಂದಿನ 30 ದಿನ, ಬಿಡುಗಡೆಯ ನಂತರದ 60 ದಿನದ ಖರ್ಚು ಮಾತ್ರ ಲೆಕ್ಕ. ಆ ಗಡುವಿನೊಳಗೆ ಬಿದ್ದದ್ದು 6. ಅದಕ್ಕೂ ಮೊದಲು ಕೊಟ್ಟಿದ್ದ ಒಟ್ಟು ಮೊತ್ತದ ಒಂದೇ ರಸೀದಿ ವಾಪಸ್ ಬಂದಿತ್ತು. ಪ್ರತಿ ದಿನಕ್ಕೆ ಬೇರೆ ರಸೀದಿ, ಮನಃಶಾಸ್ತ್ರಜ್ಞರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ, ಮನೋಚಿಕಿತ್ಸೆ ಬೇಕೆಂದು ಸಮರಿಯಲ್ಲಿ ಬರೆದ ಸಲಹೆ ಮೂರೂ ಸೇರಿದ ಮೇಲೆ 7,200 ರೂಪಾಯಿ ಬಂತು.

ನವೀಕರಣದ ಹೊತ್ತಿಗೆ ವಿಮಾ ಮೊತ್ತ ಹೆಚ್ಚಿಸಬೇಕೆಂದು ಮೈದುನ ಕೇಳಿದ. ಹೆಚ್ಚಿಸಲಿ, ಆದರೆ ಖಿನ್ನತೆಯನ್ನು ಫಾರ್ಮಿನಲ್ಲಿ ಬರೆಯಲೇಬೇಕು. ಕಾಯುವ ಅವಧಿ ಹೊಸದಾಗಿ ಶುರುವಾಗುವುದು ಹೆಚ್ಚಿಸಿದ ಮೊತ್ತಕ್ಕೆ ಮಾತ್ರ. ಮುಂದಿನ ಔಷಧಿಗೆ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಹೆಸರು ಬರೆಸಲು, ನಡುರಾತ್ರಿ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ತಿಳಿಸಲಾಗಿದೆ.