ಪಕ್ಕದ ಮನೆಯ ಹಾಡಿಗೆ ಅಡ್ಡಿಯಾಗದ ಕಂಪ್ರೆಸರ್

ಪ್ರಶ್ನೆ: ಸರ್, ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು, ಈಗ ನಿವೃತ್ತ. ಮನೆ ಹಿಂದೆ 10 ಅಡಿ ಅಗಲ, 12 ಅಡಿ ಉದ್ದದ ತಗಡಿನ ಶೆಡ್ ಇದೆ. ಅಲ್ಲಿ ಕಲಘಟಗಿ ತೊಟ್ಟಿಲಿನ ಮಾದರಿಯಲ್ಲಿ ಗೊಂಬೆ ತೊಟ್ಟಿಲು, ಆಟಿಕೆ, ಆಗೊಮ್ಮೆ ಈಗೊಮ್ಮೆ ಒಂದು ಸ್ಟೂಲ್ ಮಾಡುತ್ತೇನೆ. ಬಣ್ಣ ಹೊಡೆಯಲು, ಎಫ್ 30 ಗನ್ನಿನಿಂದ ಮೊಳೆ ಹೊಡೆಯಲು ಚಿಕ್ಕ ಕಂಪ್ರೆಸರ್ ಬೇಕು. ಪಕ್ಕದ ಮನೆಯಲ್ಲಿ ದಿನಾ ಸಂಜೆ ಮಕ್ಕಳಿಗೆ ಹಾಡು ಹೇಳಿಕೊಡುತ್ತಾರೆ, ಅವರಿಗೆ ತೊಂದರೆ ಆಗಬಾರದು. ಅಂಗಡಿಯವರು 2 ಎಚ್‌ಪಿ ತಗೊಳ್ಳಿ, ಚಿಂತೆಯೇ ಇಲ್ಲ ಅನ್ನುತ್ತಾರೆ. ಏನು ತಗೊಳ್ಳಲಿ?
— ಮಾಳಮಡ್ಡಿಯ ಓದುಗರು, ಧಾರವಾಡ

ಉತ್ತರ: ನಿಮ್ಮ ಪತ್ರ ಓದಿ ನನಗೆ ಉಣಕಲ್ಲಿನ ನಮ್ಮ ಮನೆಯ ಮೆಟ್ಟಿಲ ಕೆಳಗಿನ ಜಾಗ ನೆನಪಾಯಿತು. ಗೋಕುಲ ರಸ್ತೆಯಲ್ಲಿ 31 ವರ್ಷ ಕಂಪ್ರೆಸರ್ ರಿಪೇರಿ ಮಾಡಿದವನು ನಾನು. ಆದರೂ ಮನೆಗೆ ಅಂತ ಮೊದಲ ಸಲ ತಂದಾಗ ದಾರಿ ತಪ್ಪಿದೆ. 2 ಎಚ್‌ಪಿ, 50 ಲೀಟರ್ ಟ್ಯಾಂಕ್. ಸ್ವಿಚ್ ಹಾಕಿದ ಕೂಡಲೇ ಅಡುಗೆ ಮನೆ ಕಪಾಟಿನ ಸ್ಟೀಲ್ ಲೋಟಗಳೆಲ್ಲ ಟಿಣಿಟಿಣಿ ಅಂದವು. ಪಕ್ಕದ ಮನೆಯ ಅಜ್ಜ ಕಾಂಪೌಂಡ್ ಮೇಲಿಂದ ಇಣುಕಿ, "ಯಾಕ್ರೀ, ಹಿಟ್ಟಿನ ಗಿರಣಿ ಹಾಕೀರೇನು? ನಮ್ಮದೊಂದು ಐದ್ ಕಿಲೋ ಜ್ವಾಳ ಐತಿ, ಬೀಸಿ ಕೊಡ್ರಿ" ಅಂದರು. ಮೂರು ತಿಂಗಳಲ್ಲಿ ಅದನ್ನು ಒಂದು ಪಂಕ್ಚರ್ ಅಂಗಡಿಗೆ ಸಾಗಹಾಕಿದೆ. ಅಲ್ಲಿ ಅದು ಸುಖವಾಗಿದೆ.

ಅಂಗಡಿಯವರ "2 ಎಚ್‌ಪಿ"ಯನ್ನು ಸದ್ಯಕ್ಕೆ ಬದಿಗಿಡಿ. ಮೊದಲು ಮೋಟರ್ ಮೇಲಿನ ಪ್ಲೇಟಿನಲ್ಲಿ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಹೊಡೆಯುವ ಸುತ್ತು, ಎಷ್ಟಿದೆ ನೋಡಿ. ಅಗ್ಗದ ಚಿಕ್ಕ ಕಂಪ್ರೆಸರ್‌ಗಳಲ್ಲಿ ಮೋಟರ್ ಸುಮಾರು 2800 ಸುತ್ತು ಹೊಡೆಯುತ್ತದೆ, ಪಿಸ್ಟನ್ ನೇರವಾಗಿ ಅದಕ್ಕೇ ಕಟ್ಟಿಕೊಂಡಿರುತ್ತದೆ. "ಸೈಲೆಂಟ್" ಅಂತ ಮಾರುವ ಆಯಿಲ್-ಫ್ರೀ ಮೆಶಿನ್‌ಗಳಲ್ಲಿ ಸುತ್ತು 1400ರ ಆಸುಪಾಸು. ಅರ್ಧದಷ್ಟು ನಿಧಾನ, ಒಂದೇ ಪಿಸ್ಟನ್ ಬದಲು ಎರಡು. ಮೆತ್ತಗಿನ ಸದ್ದಿನ ಗುಟ್ಟು ಬಹುಪಾಲು ಇಷ್ಟೇ. ಡಬ್ಬಿ ಮೇಲೆ "ಸೈಲೆಂಟ್" ಅಂತ ಬರೆದು ಒಳಗೆ 2800ರ ಮೋಟರ್ ಇಟ್ಟಿದ್ದನ್ನೂ ನಾನು ನೋಡಿದ್ದೇನೆ. ಅದಕ್ಕೇ ಪ್ಲೇಟ್ ಓದಿ ಅನ್ನುವುದು.

ಡೆಸಿಬೆಲ್ ಲೆಕ್ಕ ಹೇಳಿದರೆ ಚಿತ್ರ ಸ್ಪಷ್ಟವಾಗುತ್ತದೆ. ಸಾದಾ ಮೆಶಿನ್ ಪಕ್ಕ ನಿಂತರೆ 80ರಿಂದ 90, ಸೈಲೆಂಟ್‌ನ ಪಕ್ಕ 60ರಿಂದ 70. ಪ್ರತಿ 10 ಡೆಸಿಬೆಲ್ ಏರಿದಾಗ ಕಿವಿಗೆ ಸದ್ದು ಸುಮಾರು ಎರಡು ಪಟ್ಟು ಅನಿಸುತ್ತದೆ. ಹಾಗಾಗಿ 85ಕ್ಕೂ 65ಕ್ಕೂ ಇರುವ ಅಂತರ ಚಿಕ್ಕದಲ್ಲ, ನಾಲ್ಕು ಪಟ್ಟು. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಅಂತ ಮಿತಿ ಇದೆ. ದೂರ ಎರಡು ಪಟ್ಟಾದರೆ ಬಯಲಲ್ಲಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ನಿಮ್ಮ ಶೆಡ್ಡಿನ 65 ಪಕ್ಕದ ಮನೆ ಕಿಟಕಿ ಮುಟ್ಟುವಷ್ಟರಲ್ಲಿ ತಂಬೂರಿಗೆ ಅಡ್ಡ ಬರಲಾರದು. ಆದರೂ ಹಾಡಿನ ಹೊತ್ತಿಗೆ ನೀವು ಚಹಾ ಕುಡಿಯಲು ಕೂತರೆ ಇನ್ನೂ ಒಳ್ಳೆಯದು.

ಈಗ ಗಾಳಿಯ ವಿಷಯ. ಎಚ್‌ಪಿ ಅಂದರೆ ಮೋಟರ್ ಎಷ್ಟು ದುಡಿಯುತ್ತದೆ ಅಂತ. ನಿಮಗೆ ಬೇಕಾದದ್ದು ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಅಂತ. ಇದನ್ನು ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಲೆಕ್ಕದಲ್ಲೂ ಹೇಳುತ್ತಾರೆ, 1 ಸಿಎಫ್‌ಎಂ ಅಂದರೆ ನಿಮಿಷಕ್ಕೆ ಸುಮಾರು 28 ಲೀಟರ್. ಸಣ್ಣ ಚಿತ್ತಾರಕ್ಕೆ ಬಳಸುವ, ಪೆನ್ನಿನಂಥ ಏರ್‌ಬ್ರಷ್‌ಗೆ ಅರ್ಧದಿಂದ 1 ಸಿಎಫ್‌ಎಂ ಸಾಕು. ಎಫ್ 30 ಗನ್ ಒಂದು ಮೊಳೆಗೆ ಹೆಚ್ಚೆಂದರೆ ಒಂದೆರಡು ಲೀಟರ್ ಕುಡಿಯುತ್ತದೆ, ಅದಕ್ಕೆ ಯಾವ ಕಂಪ್ರೆಸರ್ ಆದರೂ ನಡೆಯುತ್ತದೆ. ತಕರಾರು ಇರುವುದು ಸ್ಪ್ರೇ ಗನ್ನಿನದು. ಕಾರಿನ ಬಾಗಿಲಿಗೆ ಬಣ್ಣ ಹೊಡೆಯುವ ದೊಡ್ಡ ಎಚ್‌ವಿಎಲ್‌ಪಿ (ಕಡಿಮೆ ಒತ್ತಡ, ಜಾಸ್ತಿ ಗಾಳಿ) ಗನ್ 10 ಸಿಎಫ್‌ಎಂ ಕೇಳುತ್ತದೆ. ಚಿಕ್ಕ ಟಚ್‌ಅಪ್ ಗನ್ 4ಕ್ಕೆ ಸುಮ್ಮನಾಗುತ್ತದೆ.

ಡಬ್ಬಿ ಮೇಲೆ 150 ಲೀಟರ್ ಅಂತ ಇದ್ದರೆ ಅದು ಪಿಸ್ಟನ್ ಎಳೆದುಕೊಳ್ಳುವ ಲೆಕ್ಕ. ಪೈಪಿನಿಂದ ಹೊರಬರುವುದು ಸುಮಾರು ಅದರ 10ರಲ್ಲಿ 6 ಪಾಲು, ಅಂದರೆ 90 ಲೀಟರ್. ಟಚ್‌ಅಪ್ ಗನ್ನಿಗೆ ಬೇಕಾದ್ದು 4 ಸಿಎಫ್‌ಎಂ, ಅಂದರೆ 113. ಕೊರತೆ 23. ಅದನ್ನು ಟ್ಯಾಂಕ್ ತುಂಬಿಕೊಡಬೇಕು. ಟ್ಯಾಂಕಿನೊಳಗಿನ ಒತ್ತಡವನ್ನು ಬಾರ್ ಲೆಕ್ಕದಲ್ಲಿ ಹೇಳುತ್ತಾರೆ. 24 ಲೀಟರ್ ಟ್ಯಾಂಕ್ 8 ಬಾರ್‌ನಿಂದ 5ಕ್ಕೆ ಇಳಿಯುವಾಗ 24 ಗುಣಿಸು 3, ಅಂದರೆ 72 ಲೀಟರ್ ಕೊಡುತ್ತದೆ. ಅಲ್ಲಿಗೆ ಮೂರು ನಿಮಿಷ ಎಡೆಬಿಡದೆ ಹೊಡೆಯಬಹುದು. ಗೊಂಬೆ ತೊಟ್ಟಿಲಿಗೆ ಮೂರು ನಿಮಿಷ ಜಾಸ್ತಿಯೇ ಆಯಿತು. ಅದೇ ದೊಡ್ಡ ಗನ್ ಹಾಕಿದರೆ ಆ 72 ಲೀಟರ್ 22 ಸೆಕೆಂಡಿಗೆ ಮುಗಿಯುತ್ತದೆ. ಆಮೇಲೆ ಗನ್ ಬಣ್ಣ ಸಿಂಪಡಿಸುವುದಿಲ್ಲ, ಉಗುಳುತ್ತದೆ.

ಹಾಗಾಗಿ ನಿಮಗೆ 1 ಎಚ್‌ಪಿ, 1400 ಆರ್‌ಪಿಎಂ, 24ರಿಂದ 30 ಲೀಟರ್ ಟ್ಯಾಂಕಿನ ಆಯಿಲ್-ಫ್ರೀ ಸಾಕು. ಜೊತೆಗೆ ಚಿಕ್ಕ ಗನ್. ಉಳಿದ ದುಡ್ಡಿಗೆ ಒಳ್ಳೆ ಹೋಸ್ ಪೈಪ್ ತಗೊಳ್ಳಿ. ಆಯಿಲ್ ಹಾಕುವ ಬೆಲ್ಟ್ ಕಂಪ್ರೆಸರ್ ಜಾಸ್ತಿ ವರ್ಷ ಬಾಳುತ್ತದೆ, ಅದು ನಿಜ. ಆದರೆ ಭಾರ, ಮತ್ತು ಗಾಳಿಯಲ್ಲಿ ಎಣ್ಣೆ ತೇಲಿ ಬಂದು ಬಣ್ಣದ ಮೇಲೆ ಮೀನಿನ ಕಣ್ಣಿನಂಥ ಗುಳಿ ಬೀಳಿಸುತ್ತದೆ. ಆಯಿಲ್-ಫ್ರೀಗೆ ವಿಶ್ರಾಂತಿ ಕೊಡಬೇಕು. 15 ನಿಮಿಷ ಓಡಿದರೆ ಅಷ್ಟೇ ಹೊತ್ತು ಬಿಡಿ. ಅದರ ಪಿಸ್ಟನ್ ರಿಂಗ್ ಸವೆಯುವ ಸಾಮಾನು. ಹುಬ್ಬಳ್ಳಿಯಲ್ಲೇ ಸಿಗುತ್ತದೆಯೋ ಇಲ್ಲವೋ ಅಂತ ದುಡ್ಡು ಕೊಡುವ ಮೊದಲೇ ಕೇಳಿ.

ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ, ಮೆಶಿನ್ ಚಾಲೂ ಮಾಡಿಸಿ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿ. ಮುಳ್ಳು 8 ಬಾರ್ ಮುಟ್ಟಿದಾಗ ನಿಲ್ಲಿಸಿ. 24 ಲೀಟರ್ ಟ್ಯಾಂಕ್ ಆದರೆ 24 ಗುಣಿಸು 8, ಅಂದರೆ 192 ಲೀಟರ್ ಗಾಳಿ ಒಳಗೆ ಹೋಯಿತು. 2 ನಿಮಿಷ 10 ಸೆಕೆಂಡ್ ಹಿಡಿದರೆ ನಿಮಿಷಕ್ಕೆ ಸುಮಾರು 89 ಲೀಟರ್. ಇದು ಸರಾಸರಿ. ಪ್ರೆಶರ್ ಏರಿದಂತೆ ಕೊಡುವ ಗಾಳಿ ಕಡಿಮೆಯಾಗುತ್ತದೆ. ಆದರೂ ಡಬ್ಬಿಯ ಅಂಕಿಗಿಂತ ನಿಮ್ಮ ಸ್ಟಾಪ್‌ವಾಚ್ ಮೇಲು. ಅದು ಓಡುತ್ತಿರುವಾಗಲೇ ಅಂಗಡಿಯವರ ಜೊತೆ ಬೆಲೆ ಮಾತಾಡಿ ನೋಡಿ. ದನಿ ಏರಿಸದೆ ಚೌಕಾಶಿ ನಡೆದರೆ ಮೆಶಿನ್ ಮನೆಗೆ ತರಬಹುದು.

ಕರೆಂಟಿನ ಮಾತು. ಶೆಡ್ಡಿಗೆ ಮನೆಯಿಂದ ತೆಳ್ಳನೆ ಎಕ್ಸ್‌ಟೆನ್ಶನ್ ಎಳೆದಿದ್ದರೆ ಅದರಲ್ಲಿ ಕಂಪ್ರೆಸರ್ ಹಾಕಬೇಡಿ. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಮೋಟರ್ ಎದ್ದು ಓಡುವ ಶಕ್ತಿ 100ಕ್ಕೆ ಸುಮಾರು 60 ಪಾಲು ಆಗುತ್ತದೆ. ಗುಂಯ್ ಅಂತ ನರಳುತ್ತದೆ, ತಿರುಗುವುದಿಲ್ಲ, ಕಾಯಿಲ್ ಸುಡುತ್ತದೆ. ನನ್ನ ಅಂಗಡಿಗೆ ಬರುತ್ತಿದ್ದ ಸುಟ್ಟ ಮೋಟರ್‌ಗಳಲ್ಲಿ ಎಷ್ಟೋ ಹೀಗೇ ಬಂದವು. 16 ಆಂಪ್ ಸಾಕೆಟ್, 2.5 ಚದರ ಮಿ.ಮೀ. ವೈರ್ ಹಾಕಿಸಿ. ಉದ್ದ ಬೇಕಾದರೆ ಗಾಳಿ ಪೈಪನ್ನು ಉದ್ದ ಮಾಡಿ, ವೈರನ್ನಲ್ಲ.

ಆ ಉದ್ದ ಪೈಪಿಗೆ ಇನ್ನೊಂದು ಲಾಭವೂ ಇದೆ. ಕಂಪ್ರೆಸರನ್ನು ಶೆಡ್ಡಿನ ಹೊರಗೆ, ಮಳೆ ತಾಗದ ಕಟ್ಟೆ ಮೇಲೆ ಇಡಬಹುದು. ಮೋಟರನ್ನು ತಾನಾಗಿ ಚಾಲೂ-ಬಂದ್ ಮಾಡುವ ಪ್ರೆಶರ್ ಸ್ವಿಚ್ ಪ್ರತಿ ಸಲ ಕಿಡಿ ಹಾರಿಸುತ್ತದೆ. ಥಿನ್ನರ್ ವಾಸನೆ ತುಂಬಿದ ತಗಡಿನ ಶೆಡ್ಡಿನಲ್ಲಿ ಆ ಕಿಡಿ ಬೇಡ. ಕಾಲುಗಳ ಕೆಳಗೆ ದಪ್ಪ ರಬ್ಬರ್ ಹಾಕಿ. ತಗಡಿಗಾಗಲಿ ಗೋಡೆಗಾಗಲಿ ತಾಗಿಸಬೇಡಿ, ತಗಡು ಹಲಗೆ ವಾದ್ಯದಂತೆ ಸದ್ದು ಮಾಡುತ್ತದೆ. ಪ್ಲೈವುಡ್ ಪೆಟ್ಟಿಗೆ ಮಾಡಿ ಮುಚ್ಚಿಡುವ ಆಸೆ ಬರುತ್ತದೆ, ಬಡಗಿ ಕೆಲಸ ಗೊತ್ತಿದ್ದವರಿಗೆ ಇನ್ನೂ ಜಾಸ್ತಿ. ಗಾಳಿ ಆಡದ ಪೆಟ್ಟಿಗೆಯಲ್ಲಿ ಅದು ಬೆಂದು ಹೋಗುತ್ತದೆ.

ಕೊನೆಗೆ ನೀರು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಒಮ್ಮೆ ನಾನು ಒಂದು ಮಣೆಗೆ ಕೆಂಪು ಬಣ್ಣ ಹೊಡೆಯುತ್ತಿದ್ದೆ. ಎರಡನೇ ಕೋಟ್ ನುಣ್ಣಗೆ ಕೂತಿತ್ತು. ಇದ್ದಕ್ಕಿದ್ದಂತೆ ಗನ್ ಪಿಚಕ್ ಅಂದು ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದವು. ಒರೆಸಿದರೆ ಮೊದಲ ಕೋಟೂ ಬಂತು. ಟ್ಯಾಂಕಿನ ಕೆಳಗಿನ ಡ್ರೇನ್ ಕಾಕ್ ತಿರುಗಿಸಿ ಸ್ಟೀಲ್ ಲೋಟ ಹಿಡಿದೆ. ಬುಸ್ಸೆಂದು ಚಹಾ ಬಣ್ಣದ ನೀರು, ಲೋಟ ತುಂಬಿ ಚೆಲ್ಲಿತು. ತುಕ್ಕಿನ ಬಣ್ಣ ಅದು. ಮಳೆಗಾಲದ ಗಾಳಿಯನ್ನು 8 ಬಾರ್‌ಗೆ ಒತ್ತಿದರೆ ಅದರೊಳಗಿನ ತೇವ ಹಿಂಡಿದ ಬಟ್ಟೆಯಂತೆ ಇಳಿಯುತ್ತದೆ. ನಿಮ್ಮ ಮೆಶಿನ್ ಒಂದು ಗಂಟೆ ಓಡಿದರೆ ಅರ್ಧ ಲೋಟ. ದಿನಾ ಕೆಲಸ ಮುಗಿದ ಮೇಲೆ ಕಾಕ್ ಬಿಡಿ. ಗೋಡೆಗೆ ಒಂದು ವಾಟರ್ ಫಿಲ್ಟರ್ ಹಾಕಿ, ಕಂಪ್ರೆಸರ್ ಪಕ್ಕದಲ್ಲಲ್ಲ, ಪೈಪಿನ ಗನ್ ಕಡೆಯ ತುದಿಗೆ. ಅಷ್ಟು ದೂರ ಬರುವಾಗ ಗಾಳಿ ತಣ್ಣಗಾಗಿ ನೀರು ಬೇರೆಯಾಗಿರುತ್ತದೆ. ತೊಟ್ಟಿಲಿಗೆ ಬಣ್ಣ ಹೊಡೆಯುವುದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ಹಳೆ ಫ್ರಿಜ್ ಕಂಪ್ರೆಸರ್, ಖಾಲಿ ಗ್ಯಾಸ್ ಸಿಲಿಂಡರ್ ಎರಡನ್ನೂ ಸೇರಿಸಿ ಸದ್ದಿಲ್ಲದ ಕಂಪ್ರೆಸರ್ ಮಾಡಬಹುದು ಅನ್ನುತ್ತಾರೆ. ಹೌದೇ?
— ಬೆಟಗೇರಿಯ ಓದುಗರು, ಗದಗ

ಉತ್ತರ: ಸದ್ದಿಲ್ಲ ಅನ್ನುವುದು ಹೌದು, ನಮ್ಮ ಫ್ರಿಜ್ ರಾತ್ರಿಯಿಡೀ ಓಡಿದರೂ ನಮಗೆ ನಿದ್ದೆ ಬರುತ್ತದಲ್ಲ. ಆದರೆ ಅದು ಕೊಡುವ ಗಾಳಿ ಏರ್‌ಬ್ರಷ್‌ಗಷ್ಟೇ ಸಾಕು, ಜೊತೆಗೆ ಎಣ್ಣೆಯನ್ನೂ ಉಗುಳುತ್ತದೆ. ಸಿಲಿಂಡರ್ ಮಾತ್ರ ಮುಟ್ಟಬೇಡಿ. ಅದು ನಿಮ್ಮದಲ್ಲ, ಕಂಪನಿಯದು. ಖಾಲಿ ಅಂದುಕೊಂಡ ಸಿಲಿಂಡರ್‌ನಲ್ಲಿ ಉಳಿದ ಗ್ಯಾಸ್ ವೆಲ್ಡಿಂಗ್ ಹೊತ್ತಿಗೆ ಸಿಡಿಯಬಹುದು. ಹೊಸ ಫ್ರಿಜ್‌ಗಳಲ್ಲಿ ತಂಪು ಮಾಡಲು ಬಹುಪಾಲು ಆರ್ 600ಎ ಅನ್ನುವ ಗ್ಯಾಸ್ ಇರುತ್ತದೆ, ಅದೂ ಹೊತ್ತಿಕೊಳ್ಳುವ ಗ್ಯಾಸೇ. ಇಷ್ಟೆಲ್ಲ ಮಾಡುವ ಬದಲು ಟ್ಯಾಂಕಿಲ್ಲದ ಏರ್‌ಬ್ರಷ್ ಕಂಪ್ರೆಸರ್ ತಗೊಳ್ಳಿ.

ಪ್ರಶ್ನೆ: ನನ್ನ ಕಂಪ್ರೆಸರ್ ಬಂದ್ ಆದ ಮೇಲೂ ಸುಸ್ಸೆಂದು ಗಾಳಿ ಬಿಡುತ್ತಲೇ ಇರುತ್ತದೆ. ಬೆಳಿಗ್ಗೆ ನೋಡಿದರೆ ಟ್ಯಾಂಕ್ ಖಾಲಿ.
— ರಾಣೆಬೆನ್ನೂರಿನ ಓದುಗರು, ಹಾವೇರಿ ಜಿಲ್ಲೆ

ಉತ್ತರ: ಬಂದ್ ಆದಾಗ ಒಂದೆರಡು ಸೆಕೆಂಡ್ ಟುಸ್ ಅನ್ನಬೇಕು. ಪಿಸ್ಟನ್ ಮೇಲಿನ ಗಾಳಿ ಹೊರಹೋಗಿ ಮುಂದಿನ ಸಲ ಮೋಟರ್ ಹಗುರಾಗಿ ಏಳಲಿ ಅಂತ ಆ ವ್ಯವಸ್ಥೆ. ನಿಲ್ಲದೆ ಸೋರುತ್ತಿದ್ದರೆ ಟ್ಯಾಂಕಿನ ಬಾಯಲ್ಲಿರುವ, ಗಾಳಿ ವಾಪಸ್ ಬರದಂತೆ ತಡೆಯುವ ಎನ್‌ಆರ್‌ವಿ ವಾಲ್ವ್ ಸರಿಯಾಗಿ ಕೂತಿಲ್ಲ. ಹೊಸದೇ ಬೇಕಾಗಿಲ್ಲ, ಹೆಚ್ಚಾಗಿ ಕಸ ಸಿಕ್ಕಿಕೊಂಡಿರುತ್ತದೆ. ಬಿಚ್ಚಿ, ಒಳಗಿನ ರಬ್ಬರ್ ಬಿಲ್ಲೆ ಒರೆಸಿ, ಹರಿದಿದ್ದರೆ ಬದಲಿಸಿ. ಆದರೆ ಮೊದಲು ಪ್ಲಗ್ ಕಿತ್ತು, ಡ್ರೇನ್ ಬಿಟ್ಟು, ಮುಳ್ಳು ಸೊನ್ನೆಗೆ ಬಂದ ಮೇಲೆಯೇ ಪಾನಾ ಹಾಕಿ.